ಜಪಾನಿನ ಬಗ್ಗೆ ಬರೆದ ಜರ್ಮನ್ ಲೇಖಕರು: ಕೆಂಪ್‌ಫರ್‌ನಿಂದ ಓದು ಆರಂಭಿಸುವುದು ಸರಿಯೇ?

ಪ್ರಶ್ನೆ: ಸೋಮವಾರಪೇಟೆಯ ಓದುಗ

ಮಡಿಕೇರಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಓದುಗರ ಗುಂಪು ಈ ಮಳೆಗಾಲಕ್ಕೆ ಪ್ರವಾಸ ಕಥನಗಳನ್ನು ಆರಿಸಿಕೊಂಡಿದೆ. ಕೊಡಗಿನ ಬಗ್ಗೆ ಜರ್ಮನ್ ಮಿಷನರಿ ಹೆರ್ಮನ್ ಮೊಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಪುಸ್ತಕವನ್ನೂ ಇನ್ನೊಬ್ಬ ಮಿಷನರಿ ರಿಕ್ಟರ್ 1870ರಲ್ಲಿ ಹೊರತಂದ ಕೈಪಿಡಿಯನ್ನೂ ಮುಂದಿಟ್ಟುಕೊಂಡು ಕಳೆದ ಸಲ ನಡೆದ ಚರ್ಚೆ ಪುಸ್ತಕಗಳನ್ನು ಬಿಟ್ಟು ನಮ್ಮ ನಮ್ಮ ಒಕ್ಕಗಳ (ಕೊಡವ ಕುಲಗಳ), ಊರುಗಳ, ಆಚಾರಗಳ ಸುತ್ತಲೇ ತಿರುಗಿತು. ‘ನಮ್ಮಲ್ಲಿ ಹೀಗಿಲ್ಲ’ ಎಂದು ಒಬ್ಬರು, ‘ನಮ್ಮಲ್ಲಿ ಇದ್ದದ್ದೇ ಹೀಗೆ’ ಎಂದು ಇನ್ನೊಬ್ಬರು ವಾದಿಸುತ್ತ ಕುಳಿತಿದ್ದರಿಂದ, ಹೊರಗಿನಿಂದ ಬಂದವನು ಒಂದು ನಾಡನ್ನು ಹೇಗೆ ನೋಡುತ್ತಾನೆ, ಅವನಿಗೆ ಮಾಹಿತಿ ಯಾರಿಂದ ದೊರೆಯುತ್ತದೆ, ಅದರಲ್ಲಿ ಎಷ್ಟನ್ನು ಒಪ್ಪಬಹುದು ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು.

ಆಗ ಹಿರಿಯ ಸದಸ್ಯರೊಬ್ಬರು ಒಂದು ದಾರಿ ಸೂಚಿಸಿದರು. ಜರ್ಮನ್ ಲೇಖಕನೊಬ್ಬ ನಮ್ಮದಲ್ಲದ ನಾಡೊಂದರ ಬಗ್ಗೆ, ಉದಾಹರಣೆಗೆ ಜಪಾನಿನ ಬಗ್ಗೆ, ಬರೆದದ್ದನ್ನು ಮೊದಲು ಓದಿದರೆ ಅಭಿಮಾನ ಅಡ್ಡ ಬರುವುದಿಲ್ಲ, ಆಮೇಲೆ ಮೊಗ್ಲಿಂಗರ ಕಡೆಗೆ ಮರಳಬಹುದು ಎಂಬುದು ಅವರ ಅಭಿಪ್ರಾಯ. ಅವರು ಹೇಳಿದ ಹೆಸರು ಜಪಾನಿನ ಚರಿತ್ರೆ ಬರೆದ ಎಂಗೆಲ್ಬರ್ಟ್ ಕೆಂಪ್‌ಫರ್. ಉಳಿದವರು ಸೀಬೋಲ್ಡ್, ಬ್ರೂನೋ ಟೌಟ್, ಹೆರಿಗೆಲ್ ಮುಂತಾದ ಹೆಸರುಗಳನ್ನು ಸೇರಿಸಿದರು. ಮುನ್ನೂರು ವರ್ಷಗಳಿಗೂ ಹಿಂದಿನ ವೈದ್ಯನೊಬ್ಬನ ಬರಹದಿಂದ ಆರಂಭಿಸುವುದು ಉಚಿತವೇ? ಅದು ದೊಡ್ಡ ಗ್ರಂಥವಾದ್ದರಿಂದ ಒಂದು ಸಭೆಗೆ ಯಾವ ಭಾಗ ಸಾಕು? ಬಲ್ಲವರು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಮಡಿಕೇರಿಯ ನಿವೃತ್ತ ಇತಿಹಾಸ ಅಧ್ಯಾಪಕ

ಆರಂಭಿಸುವುದಾದರೆ ಕೆಂಪ್‌ಫರ್‌ನಿಂದಲೇ ಆರಂಭಿಸಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಆತ ಹಳಬ ಎಂಬುದು ಇದಕ್ಕೆ ಕಾರಣವಲ್ಲ. ತನಗೆ ಮಾಹಿತಿ ಹೇಗೆ ದೊರೆಯಿತು, ಅದಕ್ಕಾಗಿ ತಾನು ಏನೇನು ಮಾಡಬೇಕಾಯಿತು ಎಂಬುದನ್ನು ಆತ ಮುಚ್ಚಿಡದೆ ಹೇಳುತ್ತಾನೆ. ನಿಮ್ಮ ಸಭೆ ಕೇಳುತ್ತಿರುವುದೂ ಅದನ್ನೇ.

ಕೆಂಪ್‌ಫರ್ 1651ರಲ್ಲಿ ಉತ್ತರ ಜರ್ಮನಿಯ ಲೆಮ್ಗೊ ಪಟ್ಟಣದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ. ಸ್ವೀಡನ್ನಿನ ರಾಯಭಾರಿ ತಂಡದ ಕಾರ್ಯದರ್ಶಿಯಾಗಿ 1683ರಲ್ಲಿ ಹೊರಟು ರಷ್ಯಾದ ಮೂಲಕ ಪರ್ಷಿಯಾ ತಲುಪಿ, ಅಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಸೇರಿ, ನಮ್ಮ ಮಲಬಾರ್ ಕರಾವಳಿಯನ್ನೂ ಸಿಂಹಳವನ್ನೂ ಹಾದು ಬಟೇವಿಯಾಕ್ಕೆ (ಇಂದಿನ ಜಕಾರ್ತ) ಹೋಗಿ, ಅಲ್ಲಿಂದ ಸಯಾಮ್ (ಇಂದಿನ ಥಾಯ್ಲೆಂಡ್) ಮಾರ್ಗವಾಗಿ 1690ರಲ್ಲಿ ನಾಗಸಾಕಿ ಮುಟ್ಟಿದ. ಜಪಾನಿನಲ್ಲಿ ಆತ ಇದ್ದದ್ದು ಸುಮಾರು ಎರಡು ವರ್ಷ ಮಾತ್ರ. (ನಮ್ಮ ಕಡೆ ನೆಲಸಂಪಿಗೆ ಎನ್ನುವ ಗಿಡ ಸೇರಿರುವ ಸಸ್ಯಕುಲಕ್ಕೆ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಈತನ ನೆನಪಿನದೇ. ತೋಟದ ಅಂಚಿನಲ್ಲಿ ಅದನ್ನು ನೋಡಿದವರು ನಿಮ್ಮ ಸಭೆಯಲ್ಲಿ ಖಂಡಿತ ಇರುತ್ತಾರೆ.)

ಆ ಎರಡು ವರ್ಷಗಳ ಬಹುಭಾಗವನ್ನು ಆತ ಕಳೆದದ್ದು ನಾಗಸಾಕಿ ಬಂದರಿನಲ್ಲಿ ಮಣ್ಣು ತುಂಬಿಸಿ ಕಟ್ಟಿದ ಡೆಜಿಮಾ ಎಂಬ ಬೀಸಣಿಗೆಯಾಕಾರದ ಪುಟ್ಟ ದ್ವೀಪದಲ್ಲಿ. ಮೊದಲು ಪೋರ್ಚುಗೀಸರಿಗಾಗಿ ಕಟ್ಟಿದ ಈ ನೆಲಕ್ಕೆ 1641ರಲ್ಲಿ ಡಚ್ಚರನ್ನು ವರ್ಗಾಯಿಸಲಾಗಿತ್ತು. ದಡಕ್ಕೆ ಒಂದು ಸೇತುವೆ, ಅದರ ಬಾಗಿಲಲ್ಲಿ ಕಾವಲು, ಅಪ್ಪಣೆಯಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ಜಪಾನಿನ ಭಾಷಾಂತರಕಾರರೂ ಅಧಿಕಾರಿಗಳೂ ತಮ್ಮ ನಾಡಿನ ಆಡಳಿತ, ಧರ್ಮ, ಇತಿಹಾಸಗಳ ಬಗ್ಗೆ ಪರದೇಶಿಯರಿಗೆ ಏನನ್ನೂ ತಿಳಿಸುವುದಿಲ್ಲವೆಂದು ರಕ್ತದ ಗುರುತು ಹಾಕಿ ಪ್ರಮಾಣ ಮಾಡಿರುತ್ತಿದ್ದರು. ಇಂಥ ಜಾಗದಲ್ಲಿ ಕುಳಿತು ಒಬ್ಬ ಮನುಷ್ಯ ಇಡೀ ದೇಶದ ಚರಿತ್ರೆ ಬರೆದದ್ದು ಹೇಗೆ? ಮುನ್ನುಡಿಯಲ್ಲಿ ಆತನೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಬಂದವರಿಗೆ ಉಚಿತವಾಗಿ ಔಷಧ ಕೊಟ್ಟ, ಖಗೋಳ ಮತ್ತು ಗಣಿತವನ್ನು ಹೇಳಿಕೊಟ್ಟ, ಯುರೋಪಿನ ಮದ್ಯವನ್ನು ಧಾರಾಳವಾಗಿ ಸುರಿದ. ಜೊತೆಗೆ ತನ್ನ ಸೇವೆಗೆಂದು ಬಂದ ಬುದ್ಧಿವಂತ ಯುವಕನಿಗೆ ಡಚ್ ಭಾಷೆಯನ್ನೂ ಶರೀರಶಾಸ್ತ್ರವನ್ನೂ ಕಲಿಸಿ, ಅವನ ಮೂಲಕ ಪುಸ್ತಕಗಳನ್ನೂ ನಕ್ಷೆಗಳನ್ನೂ ತರಿಸಿಕೊಂಡ. ಇವೆಲ್ಲ ನಿಷಿದ್ಧ ವಸ್ತುಗಳು, ಸಿಕ್ಕಿಬಿದ್ದಿದ್ದರೆ ಆ ಯುವಕನಿಗೆ ಘೋರ ಶಿಕ್ಷೆ ಕಾದಿತ್ತು.

ಗ್ರಂಥದ ಜೀವ ಇರುವುದು ಐದನೆಯ ಭಾಗದಲ್ಲಿ, ಎದೋ ಪ್ರಯಾಣದ ವಿವರಣೆಯಲ್ಲಿ. ಇಂದು ಟೋಕಿಯೋ ಎನಿಸಿಕೊಂಡಿರುವ ಎದೋ ನಗರಕ್ಕೆ ಡಚ್ಚರು ವರ್ಷಕ್ಕೊಮ್ಮೆ ಕಾಣಿಕೆ ಹೊತ್ತು ಹೋಗಿ, ಜಪಾನನ್ನು ಆಳುತ್ತಿದ್ದ ಸೇನಾಧಿಪತಿಯಾದ ಶೋಗನ್ನನಿಗೆ ನಮಸ್ಕರಿಸಬೇಕಾಗಿತ್ತು. ಕೆಂಪ್‌ಫರ್ 1691ರಲ್ಲಿಯೂ 1692ರಲ್ಲಿಯೂ ಆ ತಂಡದಲ್ಲಿದ್ದ. ಕುದುರೆಯ ಮೇಲೆ ತನ್ನ ಮುಂದೆ ಮರದ ತೊಗಟೆಯ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು, ಅದರೊಳಗೆ ದಿಕ್ಸೂಚಿಯನ್ನು ಅಡಗಿಸಿ, ಮೇಲೆ ಗಿಡ, ಹೂವು, ಎಲೆಗಳನ್ನು ಹರಡಿ, ಗಿಡಮೂಲಿಕೆ ಕಲೆಹಾಕುವ ವೈದ್ಯನ ಸೋಗಿನಲ್ಲಿ ದಾರಿಯುದ್ದಕ್ಕೂ ದಿಕ್ಕುಗಳನ್ನು ಗುರುತಿಸುತ್ತ ಹೋದ.

ಆ ದಾರಿಯ ಬಣ್ಣನೆ ಬೇರೆಲ್ಲೂ ಸಿಗದಂಥದು. ಕ್ಯೋಟೋದಿಂದ ಎದೋಗೆ ಹೋಗುವ ತೊಕೈದೋ ಹೆದ್ದಾರಿಯ ಇಕ್ಕೆಲಗಳಲ್ಲಿ ಸಾಲುಮರಗಳು, ದೂರ ತೋರಿಸುವ ದಿಬ್ಬಗಳು, 53 ತಂಗುದಾಣಗಳು. ಯುರೋಪಿನ ಅತಿ ಜನನಿಬಿಡ ನಗರದ ಬೀದಿಯಷ್ಟು ಜನ ಕೆಲವು ದಿನ ಈ ರಸ್ತೆಯಲ್ಲಿ ಇರುತ್ತಾರೆಂದು ಆತ ಬೆರಗಾಗುತ್ತಾನೆ. ಸಾಮಂತ ಪ್ರಭುಗಳು ವರ್ಷ ಬಿಟ್ಟು ವರ್ಷ ಎದೋದಲ್ಲಿ ಇರಬೇಕೆಂಬ ನಿಯಮ 1635ರಿಂದಲೇ ಜಾರಿಯಲ್ಲಿದ್ದುದರಿಂದ ಅವರ ನೂರಾರು, ಸಾವಿರಾರು ಜನರ ಮೆರವಣಿಗೆಗಳು ಅದೇ ರಸ್ತೆಯಲ್ಲಿ ಹೋಗಿಬರುತ್ತಿದ್ದವು. ಅಷ್ಟು ದೊಡ್ಡ ಸಮೂಹ ಗದ್ದಲವಿಲ್ಲದೆ, ಅಚ್ಚುಕಟ್ಟಾಗಿ ಸಾಗುವ ರೀತಿಯನ್ನು ಕೆಂಪ್‌ಫರ್ ಮನಸಾರೆ ಮೆಚ್ಚಿದ್ದಾನೆ. ಇಸೆ ಕ್ಷೇತ್ರದ ಯಾತ್ರಿಕರು, ಭಿಕ್ಷೆ ಬೇಡುವ ಸನ್ಯಾಸಿನಿಯರು, ವ್ಯಾಪಾರಿಗಳು, ಸುದ್ದಿಯೋಲೆ ಒಯ್ಯುವ ಓಟಗಾರರು ಎಲ್ಲರೂ ಇಲ್ಲಿದ್ದಾರೆ. ನನಗೆ ಹೆಚ್ಚು ಹಿಡಿಸಿದ ವಿವರ ಇನ್ನೂ ಸಣ್ಣದು. ಆ ರಸ್ತೆ ಅಷ್ಟು ಚೊಕ್ಕಟವಾಗಿರಲು ಕಾರಣ, ಬಿದ್ದ ಕಡ್ಡಿ ಮತ್ತು ಪೈನ್ ಕಾಯಿಗಳನ್ನು ಹಳ್ಳಿಯವರು ಸೌದೆಗೆ ಒಯ್ಯುತ್ತಾರೆ, ಕುದುರೆಯ ಲದ್ದಿಯನ್ನು ಮಕ್ಕಳು ಬಿಸಿಯಾಗಿರುವಾಗಲೇ ಬಾಚಿಕೊಂಡು ಹೊಲಕ್ಕೆ ಹಾಕುತ್ತಾರೆ, ಸವೆದು ಬಿಸಾಡಿದ ಹುಲ್ಲಿನ ಪಾದರಕ್ಷೆಗಳೂ ವ್ಯರ್ಥವಾಗುವುದಿಲ್ಲ ಎನ್ನುತ್ತಾನೆ. ಸ್ವಚ್ಛತೆಯನ್ನು ಜನಾಂಗದ ಗುಣವೆಂದು ಹೊಗಳಿ ಮುಂದೆ ಹೋಗುವುದು ಪ್ರವಾಸಿಗಳ ಅಭ್ಯಾಸ. ಈತ ಅದರ ಹಿಂದಿರುವ ಗೊಬ್ಬರದ ಲೆಕ್ಕವನ್ನು ನೋಡಿದ.

ಎದೋ ಕೋಟೆಯಲ್ಲಿ ನಡೆದದ್ದನ್ನಂತೂ ನಿಮ್ಮ ಸಭೆಯಲ್ಲಿ ಪೂರ್ತಿಯಾಗಿ ಓದಿಸಬೇಕು. ಡಚ್ಚರ ಮುಖ್ಯಸ್ಥ ಕೈಕಾಲು ಊರಿ ತೆವಳಿಕೊಂಡು ಹೋಗಿ ಹಣೆ ನೆಲಕ್ಕೆ ಹಚ್ಚಿ ಹಾಗೆಯೇ ಹಿಂದೆ ಸರಿಯಬೇಕಾಗಿತ್ತು. ಆಮೇಲೆ ಒಳಮನೆಯಲ್ಲಿ, ತೆರೆಯ ಹಿಂದೆ ಅರಮನೆಯ ಹೆಂಗಸರೊಂದಿಗೆ ಕುಳಿತ ಶೋಗನ್ ತ್ಸುನಯೋಶಿ ಈ ವಿಚಿತ್ರ ಪರದೇಶಿಗಳನ್ನು ಕುಣಿಯಿರಿ, ನೆಗೆಯಿರಿ, ಕುಡಿದವರಂತೆ ನಟಿಸಿ, ನಿಮ್ಮ ನಾಡಿನಲ್ಲಿ ಒಬ್ಬರನ್ನೊಬ್ಬರು ಹೇಗೆ ವಂದಿಸುತ್ತೀರಿ ತೋರಿಸಿ ಎಂದು ಆಜ್ಞಾಪಿಸಿದ. ಕೆಂಪ್‌ಫರ್ ಜರ್ಮನ್ ಭಾಷೆಯ ಒಂದು ಪ್ರೇಮಗೀತೆ ಹಾಡಿದ. ನೋಡಲೆಂದು ಹೋದವನು ತಾನೇ ನೋಟದ ವಸ್ತುವಾದ ಈ ಪ್ರಸಂಗವನ್ನು ಆತ ಬಿಡದೆ ದಾಖಲಿಸಿದ್ದಾನೆ. ಅಷ್ಟಾದರೂ ತ್ಸುನಯೋಶಿ ನ್ಯಾಯನಿಷ್ಠನೂ ಪ್ರಜೆಗಳ ಮೇಲೆ ಕರುಣೆಯುಳ್ಳವನೂ ಆದ ದೊರೆ ಎಂದು ಬರೆಯಲು ಹಿಂಜರಿಯಲಿಲ್ಲ. ನಾಯಿಗಳನ್ನು ಕಾಪಾಡಲು ಕಾನೂನು ಮಾಡಿದ್ದಕ್ಕಾಗಿ ಮುಂದಿನವರು ‘ನಾಯಿ ಶೋಗನ್’ ಎಂದು ಗೇಲಿ ಮಾಡಿದ ದೊರೆ ಈತನೇ. ಆ ಗೇಲಿಯನ್ನು ಇತಿಹಾಸಕಾರರು ಮರುಪರಿಶೀಲಿಸಿದಾಗ ಕೆಂಪ್‌ಫರ್‌ನ ಸಾಕ್ಷ್ಯ ಬಳಕೆಗೆ ಬಂತು.

ಉತ್ತರ 2: ವಿರಾಜಪೇಟೆ ಕಡೆಯ ವಾಸ್ತುಶಿಲ್ಪಿ

ಮೇಲಿನ ಉತ್ತರವನ್ನು ಆಸಕ್ತಿಯಿಂದ ಓದಿದೆ, ಆದರೆ ನನಗೆ ತಕರಾರಿದೆ. ಕಾವಲಿನ ನಡುವೆ ವರ್ಷಕ್ಕೊಮ್ಮೆ ಒಂದೇ ರಸ್ತೆಯಲ್ಲಿ ಹೋಗಿಬಂದವನು ಕಂಡದ್ದು ರಸ್ತೆ, ವಸತಿಗೃಹ, ಅರಮನೆಯ ಪಡಸಾಲೆ. ಸಾಮಾನ್ಯ ಜನರ ಮನೆಯೊಳಗಿನ ದಿನಚರಿಗೆ ಅವನಿಗೆ ಪ್ರವೇಶವೇ ಇರಲಿಲ್ಲ. ಸಂಸ್ಕೃತಿಯನ್ನು ಮನೆಯಿಂದ ಅರಿಯಬೇಕೆನ್ನುವವರಿಗೆ ನಾನು ಬ್ರೂನೋ ಟೌಟ್‌ನನ್ನು ಸೂಚಿಸುತ್ತೇನೆ.

ಬರ್ಲಿನ್ನಿನಲ್ಲಿ ಕಾರ್ಮಿಕರಿಗಾಗಿ ದೊಡ್ಡ ವಸತಿ ಬಡಾವಣೆಗಳನ್ನು ಕಟ್ಟಿದ್ದ ಈ ವಾಸ್ತುಶಿಲ್ಪಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ದೇಶ ಬಿಟ್ಟು 1933ರ ಮೇ ತಿಂಗಳಲ್ಲಿ ಜಪಾನ್ ತಲುಪಿದ. ಮರುದಿನವೇ, ಅಂದರೆ ತನ್ನ 53ನೆಯ ಹುಟ್ಟುಹಬ್ಬದಂದು, ಕ್ಯೋಟೋದ ಕತ್ಸುರಾ ಅರಮನೆಯನ್ನು ನೋಡಿ ಮಾರುಹೋದ. ಅಲಂಕಾರವಿಲ್ಲದ ಮರ, ಚಾಪೆಯ ಅಳತೆಗೆ ಹೊಂದಿದ ಕೋಣೆಗಳು, ತೋಟದೊಂದಿಗೆ ಬೆರೆಯುವ ಜಗಲಿ ಇವು ಅವನಿಗೆ ಆಧುನಿಕ ವಾಸ್ತುಶಿಲ್ಪ ಹುಡುಕುತ್ತಿದ್ದ ಸರಳತೆಯಂತೆ ಕಂಡವು. ನಿಕ್ಕೋದಲ್ಲಿರುವ ಶೋಗನ್ನರ ಚಿನ್ನದ ಕೆತ್ತನೆಯ ದೇಗುಲ ಅವನಿಗೆ ಹಿಡಿಸಲಿಲ್ಲ. ಈ ವಿಭಜನೆ ತೀರ ಸರಾಗವಾಯಿತೆಂಬ ಟೀಕೆ ಇದೆ, ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಆತ ಬಂದುಹೋಗುವ ಅತಿಥಿಯಾಗಿ ಉಳಿಯಲಿಲ್ಲ. ತಕಸಾಕಿಯ ಬೆಟ್ಟದ ಮೇಲಿನ ದಾರುಮಾ ದೇವಾಲಯದ ಆವರಣದಲ್ಲಿ ಎರಡು ಕೋಣೆಯ ಪುಟ್ಟ ಮನೆಯಲ್ಲಿ 1934ರಿಂದ 1936ರವರೆಗೆ ಹೆಂಡತಿಯಂತೆಯೇ ಬಾಳಿದ ಸಂಗಾತಿಯೊಂದಿಗೆ ವಾಸಿಸಿ, ಚಾಪೆಯ ಮೇಲೆ ಕೂರುವುದು, ಮಳೆಗಾಲದ ಸೆಕೆ, ಚಳಿಗಾಲದ ಕೊರೆತ ಇವನ್ನೆಲ್ಲ ಮೈಯಾರೆ ಅನುಭವಿಸಿ ಜಪಾನಿನ ಮನೆಗಳು ಮತ್ತು ಜನರ ಬಗ್ಗೆ 1937ರ ಪುಸ್ತಕ ಬರೆದ.

ಕೊಡಗಿನವರು ಓದಲೇಬೇಕಾದದ್ದು ಶಿರಕಾವಾ ಕಣಿವೆಯ ಬಗ್ಗೆ ಆತ ಬರೆದದ್ದು. ಅಲ್ಲಿನ ದೊಡ್ಡ ಕೂಡುಕುಟುಂಬದ ಮನೆಗಳಿಗೆ ಕಡಿದಾದ ಹುಲ್ಲಿನ ಮಾಡು, ಹಿಮ ನಿಲ್ಲದೆ ಜಾರಲೆಂದು ಆ ಇಳಿಜಾರು, ಮಾಡಿನ ಕೆಳಗಿನ ಅಟ್ಟದಲ್ಲಿ ರೇಷ್ಮೆಹುಳು ಸಾಕಣೆ, ಹುಲ್ಲು ಬದಲಿಸುವಾಗ ಇಡೀ ಊರೇ ಮುಯ್ಯಾಳಾಗಿ ಬಂದು ಮಾಡು ಹೊದಿಸುವುದು. ನಮ್ಮ ಐನ್‌ಮನೆಗಳೂ (ಒಕ್ಕದ ಮೂಲ ಮನೆಗಳೂ) ಹೆಂಚು ಬರುವ ಮುನ್ನ ಹುಲ್ಲಿನ ಮಾಡಿನವೇ ಆಗಿದ್ದವು. ಕೈಯಾಲೆ (ಜಗಲಿ), ಐಮರ (ಜಗಲಿಯ ಮರದ ಆಸನ), ಕನ್ನಿಕೊಂಬರೆ (ಹಿರಿಯರ ಪೂಜಾಕೋಣೆ) ಇವುಗಳಿಗೆ ಮನೆಯೊಳಗೆ ಗೊತ್ತಾದ ಸ್ಥಾನವಿರುವುದರ ಹಿಂದೆ ಮಳೆಯ ಲೆಕ್ಕವೂ ಇದೆ, ಒಕ್ಕದ ಹಿರಿತನದ ಲೆಕ್ಕವೂ ಇದೆ. ಟೌಟ್ ಶಿರಕಾವಾದ ಮನೆಗಳಲ್ಲಿ ಹುಡುಕಿದ್ದು ಇಂಥ ಕಾರಣಗಳನ್ನೇ, ಅದರಲ್ಲಿಯೂ ಮುಖ್ಯವಾಗಿ ರಚನೆಯ ತರ್ಕವನ್ನು. ಆ ಹಳ್ಳಿಗಳು 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅವನ ಹೆಸರನ್ನು ಮತ್ತೆ ನೆನೆದರು. ಒಂದು ಮಾತ್ರ ತಮಾಷೆ: ಆ ಕಣಿವೆಯ ನೋಟ ಜಪಾನಿಗಿಂತ ಸ್ವಿಟ್ಜರ್ಲೆಂಡನ್ನೇ ನೆನಪಿಸುತ್ತದೆ ಎಂದೂ ಆತ ಬರೆದ. ‘ಭಾರತದ ಸ್ಕಾಟ್ಲೆಂಡ್’ ಎಂದು ಕರೆಸಿಕೊಂಡು ಬೇಸತ್ತ ನಮಗೆ ಈ ಚಾಳಿ ಪರಿಚಿತವೇ.

ಉತ್ತರ 3: ಪೊನ್ನಂಪೇಟೆಯ ಓದುಗ

ಜರ್ಮನ್ ತತ್ವಶಾಸ್ತ್ರಜ್ಞ ಹೆರಿಗೆಲ್ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧ ಪೂಜಿಸುವ ನಾಡಿನವರಿಗೆ ಬಿಲ್ವಿದ್ಯೆ ಮತ್ತು ಧ್ಯಾನವನ್ನು ಬೆಸೆಯುವ ಅವನ ಪುಸ್ತಕ ಆಕರ್ಷಕವಾಗಿ ಕಾಣುವುದು ಸಹಜ, ಅದು ತೆಳುವಾಗಿಯೂ ಇದೆ. ಆದರೆ ಎಚ್ಚರ ಬೇಕು. ಆತ 1924ರಿಂದ 1929ರವರೆಗೆ ಸೆಂದೈಯಲ್ಲಿ ತತ್ವಶಾಸ್ತ್ರ ಕಲಿಸುತ್ತ ಅವಾ ಕೆಂಜೋ ಎಂಬ ಗುರುವಿನಲ್ಲಿ ಬಿಲ್ಲು ಕಲಿತ. ಪುಸ್ತಕ ಹೊರಬಂದದ್ದು 1948ರಲ್ಲಿ. ಆ ಗುರು ಜೆನ್ (ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥ) ಸಾಧಕನಾಗಿರಲಿಲ್ಲ, ಕತ್ತಲಲ್ಲಿ ಗುರಿಯನ್ನು ಹೊಡೆದ ಪ್ರಸಿದ್ಧ ಪ್ರಸಂಗದಂದು ಭಾಷಾಂತರಕಾರನೇ ಅಲ್ಲಿರಲಿಲ್ಲ ಎಂದು ಯಮಾದಾ ಶೋಜಿ ಎಂಬ ಜಪಾನಿ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಹೆರಿಗೆಲ್ 1937ರಲ್ಲಿ ನಾಜಿ ಪಕ್ಷ ಸೇರಿದ್ದನ್ನೂ ಮರೆಯಬಾರದು. ಜಪಾನಿನಲ್ಲಿ ಜೆನ್ ಅನ್ನೇ ಹುಡುಕುತ್ತ ಹೋದವನಿಗೆ ಬಿಲ್ಲಿನಲ್ಲಿಯೂ ಅದೇ ಕಂಡಿತು. ನಿಮ್ಮ ಸಭೆಗೆ ಇದನ್ನು ಕೊನೆಗಿಡುವುದು ಮೇಲು.

ಪ್ರಶ್ನೆ ಕೇಳಿದವರು: ಸೋಮವಾರಪೇಟೆಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಅಧ್ಯಾಪಕರಲ್ಲಿ ಇನ್ನೆರಡು ವಿಷಯ ಕೇಳಬೇಕಾಗಿದೆ. ಪ್ರಾಣಕ್ಕೆ ಅಪಾಯವಿದ್ದರೂ ಪುಸ್ತಕ, ನಕ್ಷೆ ತಂದುಕೊಟ್ಟ ಆ ಯುವಕ ಯಾರು? ಕೆಂಪ್‌ಫರ್ ಜರ್ಮನ್ ಭಾಷೆಯಲ್ಲಿ ಬರೆದದ್ದು ಮೊದಲು ಇಂಗ್ಲಿಷಿನಲ್ಲಿ ಅಚ್ಚಾದದ್ದು ಹೇಗೆ, ಆ ಪಾಠವನ್ನು ನಂಬಬಹುದೇ?

ಉತ್ತರ 4: ಮಡಿಕೇರಿಯ ನಿವೃತ್ತ ಇತಿಹಾಸ ಅಧ್ಯಾಪಕ

ಕೆಂಪ್‌ಫರ್ ಆ ಯುವಕನನ್ನು ಹೊಗಳುತ್ತಾನೆ, ಹೆಸರು ಹೇಳುವುದಿಲ್ಲ. ಹೇಳಿದ್ದರೆ ಅವನ ಕೊರಳಿಗೇ ಉರುಳಾಗಬಹುದಿತ್ತು. ಆತ ಇಮಾಮುರಾ ಗೆನ್‌ಎಮೊನ್ ಎಂದು ವಿದ್ವಾಂಸರು ಗುರುತಿಸಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಮುಂದೆ ಆತ ನಾಗಸಾಕಿಯ ಪ್ರಮುಖ ಭಾಷಾಂತರಕಾರನಾದ. ಗ್ರಂಥದ ಆಡಳಿತ, ಧರ್ಮ, ವಂಶಾವಳಿಗಳ ಅಧ್ಯಾಯಗಳಲ್ಲಿ ಕೆಂಪ್‌ಫರ್‌ಗೆ ಜಪಾನಿ ಓದಲು ಬಾರದಿದ್ದರೂ ಜಪಾನಿ ಮೂಲಗಳ ವಿವರ ಹೇರಳವಾಗಿರುವುದಕ್ಕೆ ಈ ಯುವಕನೇ ಮುಖ್ಯ ಕಾರಣ. ವಿರಾಜಪೇಟೆಯವರ ತಕರಾರಿಗೂ ಇದರಲ್ಲಿ ಭಾಗಶಃ ಉತ್ತರವಿದೆ. ಕೆಂಪ್‌ಫರ್ ಕಣ್ಣಾರೆ ಕಂಡದ್ದು ಕಡಿಮೆಯೇ, ಆದರೆ ಬಲ್ಲ ಒಬ್ಬ ಜಪಾನಿಯನ್ನು ದಿನವೂ ಕೇಳಿ ಬರೆದುಕೊಂಡ ಅವಕಾಶ ಅವನಿಗಿತ್ತು. ಹಾಗಾಗಿ ಆ ಅಧ್ಯಾಯಗಳನ್ನು ಇಬ್ಬರ ಕೃತಿಯೆಂದೇ ಓದಬೇಕು.

ಎರಡನೆಯ ಪ್ರಶ್ನೆ ಜಟಿಲವಾದದ್ದು. ಊರಿಗೆ ಮರಳಿದ ಕೆಂಪ್‌ಫರ್ ಲಿಪ್ಪೆಯ ಪ್ರಭುವಿನ ವೈದ್ಯನಾಗಿ ಕೆಲಸದ ಒತ್ತಡದಲ್ಲಿ ಸಿಲುಕಿ, 1712ರಲ್ಲಿ ಲ್ಯಾಟಿನ್ ಗ್ರಂಥವೊಂದನ್ನು ಮಾತ್ರ ಪ್ರಕಟಿಸಿದ. ಚಹಾ, ಸೂಜಿ ಚಿಕಿತ್ಸೆ, ಗಿಂಕೊ ಮರ ಮೊದಲಾದವುಗಳ ವಿವರ ಅದರಲ್ಲಿದೆ. ಜಪಾನಿನ ಚರಿತ್ರೆ ಹಸ್ತಪ್ರತಿಯಾಗಿಯೇ ಉಳಿಯಿತು. 1716ರಲ್ಲಿ ಆತ ತೀರಿಕೊಂಡ ಮೇಲೆ ಅವನ ಸೋದರಳಿಯನಿಂದ ಲಂಡನ್ನಿನ ಹ್ಯಾನ್ಸ್ ಸ್ಲೋನ್ ಆ ಹಸ್ತಪ್ರತಿಯನ್ನು ಕೊಂಡರು. ಸ್ಲೋನರ ಸಂಗ್ರಹವೇ ಬ್ರಿಟಿಷ್ ಮ್ಯೂಸಿಯಂಗೆ ಬುನಾದಿಯಾಯಿತೆಂಬುದು ನಿಮಗೆ ಗೊತ್ತಿದೆ. ಅವರ ಬಳಿಯಿದ್ದ ಶಾಯ್ಖ್‌ಸರ್ ಎಂಬ ಸ್ವಿಸ್ ತರುಣ ಇಂಗ್ಲಿಷಿಗೆ ತಂದ ಪಾಠ 1727ರಲ್ಲಿ ಹೊರಬಂತು. ಫ್ರೆಂಚ್ ಮತ್ತು ಡಚ್ ಅನುವಾದಗಳು ಇಂಗ್ಲಿಷಿನಿಂದಲೇ ಆದವು. ಜರ್ಮನ್ ಆವೃತ್ತಿಯನ್ನು ಡೋಮ್ ಎಂಬಾತ ಲೆಮ್ಗೊದಲ್ಲೇ ಅಚ್ಚು ಹಾಕಿಸಿದ್ದು 1777ರಿಂದ 1779ರ ನಡುವೆ. ಶಾಯ್ಖ್‌ಸರ್ ಮೂಲವನ್ನು ಅಲ್ಲಲ್ಲಿ ತಿದ್ದಿ, ಕಾಲದ ಅಭಿರುಚಿಗೆ ತಕ್ಕಂತೆ ಚಿತ್ರಗಳನ್ನೂ ಬದಲಿಸಿದ್ದಾನೆ. ಬೀಟ್ರಿಸ್ ಬೊಡಾರ್ಟ್ ಬೈಲಿ ಅವರು ಹಸ್ತಪ್ರತಿಯಿಂದ ನೇರವಾಗಿ ಮಾಡಿದ ಅನುವಾದ 1999ರಲ್ಲಿ ಬಂದಿದೆ. ಅದು ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ಹಳೆಯ ಇಂಗ್ಲಿಷ್ ಪಾಠದ 1906ರ ಮೂರು ಸಂಪುಟಗಳ ಮರುಮುದ್ರಣ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ.

ಸೀಬೋಲ್ಡ್ ಹೆಸರೂ ಬಂದಿದೆ. ವುರ್ಟ್ಸ್‌ಬರ್ಗಿನ ಈ ವೈದ್ಯ 1823ರಲ್ಲಿ ಅದೇ ಡೆಜಿಮಾಕ್ಕೆ ಬಂದು, ಕೆಂಪ್‌ಫರ್‌ನ ನೆನಪಿಗೆ ಅಲ್ಲೊಂದು ಕಲ್ಲನ್ನೂ ನಿಲ್ಲಿಸಿದ. ಜ್ಞಾನದ ವಿಸ್ತಾರದಲ್ಲಿ ಆತನೇ ದೊಡ್ಡವ. ಆದರೆ ಅವನಿಗೆ ನಿಷಿದ್ಧ ನಕ್ಷೆ ಕೊಟ್ಟ ಖಗೋಳಾಧಿಕಾರಿ ತಕಹಾಶಿ ಕಗೆಯಾಸು 1829ರಲ್ಲಿ ಸೆರೆಮನೆಯಲ್ಲಿ ಸತ್ತ, ಸೀಬೋಲ್ಡ್‌ನನ್ನು ಗಡೀಪಾರು ಮಾಡಿದರು. ಇಮಾಮುರಾ ಪಾರಾದ, ತಕಹಾಶಿ ಪಾರಾಗಲಿಲ್ಲ. ಮಾಹಿತಿ ಕೊಟ್ಟವರು ತೆತ್ತ ಬೆಲೆಯ ಬಗ್ಗೆ ನಿಮ್ಮ ಸಭೆ ಚರ್ಚಿಸುವುದಾದರೆ ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಬಹುದು.

ಉತ್ತರ 5: ಕುಶಾಲನಗರದ ಗ್ರಂಥಪಾಲಕಿ

ಮೊಗ್ಲಿಂಗರ ಕಡೆಗೆ ಮರಳುವ ನಿಮ್ಮ ಯೋಜನೆಯ ಬಗ್ಗೆ ಒಂದು ಮಾತು. ಕೆಂಪ್‌ಫರ್ ವ್ಯಾಪಾರಿ ಕಂಪನಿಯ ನೌಕರ. ಕ್ರೈಸ್ತ ಧರ್ಮ ನಿಷೇಧವಾಗಿದ್ದ ನಾಡಿನಲ್ಲಿ ಯಾರನ್ನೂ ಮತಾಂತರಿಸುವ ಉದ್ದೇಶವಾಗಲಿ ಅವಕಾಶವಾಗಲಿ ಅವನಿಗಿರಲಿಲ್ಲ. ಮೊಗ್ಲಿಂಗರ ಪುಸ್ತಕವಾದರೋ ಕೊಡಗಿನ ವೃತ್ತಾಂತದ ಜೊತೆಗೆ ಕೊಡಗಿನ ಮಿಷನ್ನಿನ ವೃತ್ತಾಂತವೂ ಹೌದು. ಹಾಗೆಂದು ಮೊಗ್ಲಿಂಗರಿಗೆ ಕಡಿಮೆ ಅಂಕ ಕೊಡಲು ಅವಸರಪಡಬೇಡಿ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, 1843ರಲ್ಲಿ ಮಂಗಳೂರು ಸಮಾಚಾರವನ್ನು ಆರಂಭಿಸಿದವರು ಅವರು, ಹಿಂದಿನ ಕಾಲದ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದವರು. ರಿಕ್ಟರರು ಮಡಿಕೇರಿಯಲ್ಲೇ ಶಾಲೆ ನಡೆಸುತ್ತ ವರ್ಷಗಟ್ಟಲೆ ಇದ್ದವರು. ಆದರೆ 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಬಂದ ಇವರಿಬ್ಬರಿಗೂ ಇಲ್ಲಿ ಯಾರೂ ಬಾಗಿಲು ಮುಚ್ಚುವಂತಿರಲಿಲ್ಲ, ಯಾರ ಮುಂದೆಯೂ ಅವರು ತೆವಳಬೇಕಾಗಿರಲಿಲ್ಲ. ಎದೋ ಕೋಟೆಯಲ್ಲಿ ಕುಣಿದ ವೈದ್ಯನಿಗೂ ಇವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನನ್ನ ಅಭಿಪ್ರಾಯ. ಮೊಗ್ಲಿಂಗ್, ರಿಕ್ಟರರನ್ನು ಓದುವಾಗ ಅವರಿಗೆ ಉತ್ತರ ಕೊಟ್ಟವರು ಯಾರು, ಯಾವ ಒಕ್ಕದವರು, ಕೊಡವ ತಕ್ಕ್‌ನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ಯಾರು ತಂದರು ಎಂಬ ಪ್ರಶ್ನೆಗಳನ್ನು ಪ್ರತಿ ಅಧ್ಯಾಯಕ್ಕೂ ಕೇಳಬೇಕಾಗುತ್ತದೆ.

ಇಂದಿನ ಲೇಖಕರನ್ನು ಬಯಸುವವರಿಗೆ ಮರಿಯೋನ್ ಪೋಶ್‌ಮನ್ ಇದ್ದಾರೆ. ಕವಿ ಬಾಷೋ ನಡೆದ ದಾರಿಯಲ್ಲಿ ಮತ್ಸುಶಿಮಾಕ್ಕೆ ಹೊರಡುವ ಜರ್ಮನ್ ಪಂಡಿತನೊಬ್ಬನ ಅವರ ಕಾದಂಬರಿ 2017ರಲ್ಲಿ ಬಂದು, ಇಂಗ್ಲಿಷ್ ಅನುವಾದ 2019ರ ಅಂತರರಾಷ್ಟ್ರೀಯ ಬುಕರ್ ಅಂತಿಮ ಪಟ್ಟಿಯಲ್ಲಿತ್ತು. ಅಂದಹಾಗೆ ಕೆಂಪ್‌ಫರ್ ಮೊದಲ ಸಲ ಎದೋಗೆ ಹೋಗಿಬಂದ 1691ರ ಆ ವಸಂತದಲ್ಲೇ ಬಾಷೋ ಕ್ಯೋಟೋ ಹೊರವಲಯದ ಸಾಗಾದಲ್ಲಿ ತಂಗಿ ದಿನಚರಿ ಬರೆಯುತ್ತಿದ್ದ. ಒಬ್ಬರ ಸುಳಿವು ಇನ್ನೊಬ್ಬರಿಗಿರಲಿಲ್ಲ.

ಪ್ರಶ್ನೆ ಕೇಳಿದವರು: ಸೋಮವಾರಪೇಟೆಯ ಓದುಗ

ಮೊದಲ ಸಭೆಗೆ ಕೆಂಪ್‌ಫರ್‌ನ ಮುನ್ನುಡಿ, ಐದನೆಯ ಭಾಗದ ರಸ್ತೆಯ ಅಧ್ಯಾಯಗಳು ಮತ್ತು 1691ರ ಎದೋ ದರ್ಶನ ಇಷ್ಟನ್ನು ಇಟ್ಟುಕೊಳ್ಳುತ್ತೇವೆ. ಎರಡನೆಯದಕ್ಕೆ ಟೌಟ್, ಅದನ್ನು ಸದಸ್ಯರೊಬ್ಬರ ಐನ್‌ಮನೆಯಲ್ಲೇ ನಡೆಸಲು ಅನುಮತಿ ಕೇಳಿದ್ದೇವೆ. ಹೆರಿಗೆಲ್‌ನನ್ನು ಸದ್ಯಕ್ಕೆ ಬಿಟ್ಟಿದ್ದೇವೆ. 1999ರ ಅನುವಾದದ ಪ್ರತಿ ಜಿಲ್ಲೆಯಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇಲ್ಲಿಯೇ ತಿಳಿಸಿ, ಸಭೆಯ ಮಟ್ಟಿಗೆ ಎರವಲು ಪಡೆದು ಹಿಂದಿರುಗಿಸುತ್ತೇವೆ.